ಮಾನಸ್: ಎರಡು ದಡಗಳ ಒಂದೇ ಕಾಡು

ಕೇಳುಗರಿಗೆ ನಮಸ್ಕಾರ.

ಪಶ್ಚಿಮ ಅಸ್ಸಾಮಿನ ಬರಪೇಟಾ ರೋಡ್ ಎಂಬ ಊರಿನಿಂದ ಉತ್ತರಕ್ಕೆ, ಕಾಡಿನೊಳಗೆ ಸಾಗುವ ದಾರಿ ಮಾಥನ್‌ಗುರಿ ಎಂಬಲ್ಲಿ ಹೊಳೆಯ ದಂಡೆಗೆ ಬಂದು ನಿಲ್ಲುತ್ತದೆ. ದಿಬ್ಬದ ಮೇಲೆ ಅರಣ್ಯ ಇಲಾಖೆಯ ಒಂದು ಬಂಗಲೆ. ಅದರ ಕೆಳಗೆ ಉರುಟು ಕಲ್ಲುಗಳ ಮೇಲೆ ತಿಳಿಯಾಗಿ ಹರಿಯುವ ಮಾನಸ್ ನದಿ. ಎದುರಿಗೆ ಕಾಣುವ ಹಸಿರು ಬೆಟ್ಟಸಾಲು ಭೂತಾನ ದೇಶದ್ದು. ಸಂಜೆ ನೀರಿಗಿಳಿದ ಆನೆ ಯಾವ ದಡವನ್ನು ಏರುತ್ತದೆಯೋ, ಆ ರಾತ್ರಿಯ ಮಟ್ಟಿಗೆ ಅದು ಆ ದೇಶದ ಆನೆ.

ನದಿಯ ಈಚೆಗಿರುವುದು ನಮ್ಮ ಮಾನಸ್ ರಾಷ್ಟ್ರೀಯ ಉದ್ಯಾನ. ಆಚೆಗಿರುವುದು 1,057 ಚದರ ಕಿಲೋಮೀಟರ್ ವಿಸ್ತಾರದ ರಾಯಲ್ ಮಾನಸ್ ರಾಷ್ಟ್ರೀಯ ಉದ್ಯಾನ. ಹೊಂಬಣ್ಣದ ತುಪ್ಪಳವುಳ್ಳ ಒಂದು ಜಾತಿಯ ಮುಸುವ ಇಡೀ ಜಗತ್ತಿನಲ್ಲಿ ಪಶ್ಚಿಮ ಅಸ್ಸಾಂ ಮತ್ತು ದಕ್ಷಿಣ ಭೂತಾನಗಳಲ್ಲಿ ಮಾತ್ರ ಬದುಕಿದೆ. ಅದನ್ನು ಉಳಿಸುವ ಕೆಲಸ ಒಂದೇ ದೇಶದ ಕೈಯಲ್ಲಿ ಆಗುವಂಥದ್ದಲ್ಲ.

1928ರಲ್ಲಿ ಅಭಯಾರಣ್ಯವಾದ ಮಾನಸ್, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ನಮ್ಮ ಬಂಡೀಪುರದ ಜೊತೆಗೇ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಯಿತು. 1985ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ಅಲ್ಲಿನ ಬೋಡೊ ಬುಡಕಟ್ಟಿನ ಜನ ನಡೆಸಿದ ಚಳವಳಿ ಹಿಂಸೆಗೆ ತಿರುಗಿದಾಗ ಕಾಡಿನ ಕಾವಲು ಶಿಬಿರಗಳು ಸುಟ್ಟುಹೋದವು, ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು, ಕಾವಲಿಲ್ಲದ ಕಾಡಿಗೆ ಬೇಟೆಗಾರರು ನುಗ್ಗಿದರು. 1992ರಲ್ಲಿ ಮಾನಸ್ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿದ್ದ ಘೇಂಡಾಮೃಗಗಳಲ್ಲಿ ಒಂದೂ ಉಳಿಯಲಿಲ್ಲ.

2003ರಲ್ಲಿ ಬೋಡೊ ಒಪ್ಪಂದವಾಗಿ ಶಾಂತಿ ಮರಳಿದ ಮೇಲೆ ನಡೆದುದನ್ನು ನಾವು ಗಮನವಿಟ್ಟು ನೋಡಬೇಕು. ಹುಲಿಯನ್ನು ಯಾರೂ ಎಲ್ಲಿಂದಲೂ ತರಬೇಕಾಗಲಿಲ್ಲ. ಭೂತಾನದ ದಡದ ಕಾಡು ಉಳಿದಿತ್ತು. ಅದು ಬಿತ್ತನೆ ಬೀಜ ಕಾಪಿಟ್ಟ ಕಣಜದಂತೆ ಈಚೆ ದಡವನ್ನು ಮತ್ತೆ ತುಂಬಿತು. ಆಚೆ ದಡದಲ್ಲೂ ನೆಮ್ಮದಿಯೇ ಇತ್ತೆಂದಲ್ಲ. ಅಲ್ಲಿ ಬೀಡುಬಿಟ್ಟಿದ್ದ ಭಾರತದ ಬಂಡುಕೋರರನ್ನು ಹೊರಹಾಕಲು 2003ರ ಡಿಸೆಂಬರಿನಲ್ಲಿ ಭೂತಾನದ ಸೈನ್ಯವೇ ಕಾರ್ಯಾಚರಣೆಗೆ ಇಳಿಯಬೇಕಾಯಿತು. ಆದರೂ ಕಾಡು ಕಾಡಾಗಿಯೇ ನಿಂತಿತು. ದೇಶದ ನೆಲದಲ್ಲಿ ಕನಿಷ್ಠ ಶೇಕಡಾ 60 ಭಾಗ ಎಂದೆಂದಿಗೂ ಅರಣ್ಯವಾಗಿರಬೇಕೆಂದು ಆ ಪುಟ್ಟ ದೇಶ 2008ರ ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿದೆ.

ಘೇಂಡಾಮೃಗದ ಮಾತು ಬೇರೆ. ಈಚೆ ದಡವನ್ನು ತುಂಬಬಲ್ಲಷ್ಟು ಘೇಂಡಾಮೃಗಗಳು ಆಚೆ ದಡದಲ್ಲಿ ಇರಲಿಲ್ಲ. ಆದ್ದರಿಂದ 2008ರಿಂದ ಅಸ್ಸಾಮಿನದೇ ಪೊಬಿತರಾ ಅಭಯಾರಣ್ಯದಲ್ಲಿ, ಆಮೇಲೆ ಕಾಜಿರಂಗದಲ್ಲಿ, ಒಂದೊಂದನ್ನೇ ಅರಿವಳಿಕೆ ಮದ್ದು ಕೊಟ್ಟು ಹಿಡಿದು, ಗಟ್ಟಿ ಪೆಟ್ಟಿಗೆಯಲ್ಲಿ ಕೂಡಿ, ಲಾರಿಯಲ್ಲಿ ಮಾನಸಿಗೆ ತಂದು ಬಿಡಬೇಕಾಯಿತು. ಹೀಗೆ ತಂದವುಗಳಲ್ಲೂ ಕೆಲವು ಕೊಂಬಿನಾಸೆಯ ಬೇಟೆಗಾರರಿಗೆ ಬಲಿಯಾದವು. ನೆರೆಯ ಕಾಡಿನಲ್ಲಿ ಪ್ರಾಣಿ ಉಳಿದಿದ್ದರೆ ಅದು ತಾನಾಗಿ ನಡೆದು ಬರುತ್ತದೆ. ಉಳಿಯದಿದ್ದರೆ ಎಷ್ಟು ವರ್ಷಗಳ ದುಡಿಮೆ ಬೇಕಾಗುತ್ತದೆ ಎಂಬುದನ್ನು ಈ ಎರಡು ಪ್ರಾಣಿಗಳನ್ನು ಜೊತೆಗಿಟ್ಟು ನೋಡಿದರೆ ಸಾಕು. 2011ರಲ್ಲಿ ಮಾನಸ್ ಅಪಾಯದ ಪಟ್ಟಿಯಿಂದ ಹೊರಬಂದಿತು.

ಈಗ ಎರಡೂ ದೇಶಗಳ ಸಿಬ್ಬಂದಿ ಹುಲಿಗಳನ್ನು ಜೊತೆಯಾಗಿ ಎಣಿಸುತ್ತಾರೆ. ಪ್ರಾಣಿಗಳು ನಡೆದಾಡುವ ಜಾಡಿನ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಪಟ್ಟೆಯಂತಿರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದು ಹುಲಿಯ ಪಟ್ಟೆಯನ್ನೂ ಹೋಲುವುದಿಲ್ಲ. ಹೀಗಾಗಿ ಎರಡೂ ಮಗ್ಗುಲುಗಳ ಚಿತ್ರ ಬೇಕು. ಅಸ್ಸಾಮಿನಲ್ಲಿ ಸಿಕ್ಕ ಚಿತ್ರಗಳನ್ನೂ ಭೂತಾನದಲ್ಲಿ ಸಿಕ್ಕ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಲವು ಹುಲಿಗಳು ಎರಡು ಕಡೆಯೂ ಕಾಣಿಸಿಕೊಂಡವು. ಬೇರೆಬೇರೆಯಾಗಿ ಎಣಿಸಿದ್ದರೆ ಅವೇ ಹುಲಿಗಳು ಎರಡು ದೇಶಗಳ ಲೆಕ್ಕದಲ್ಲೂ ಸೇರಿ, ಇಲ್ಲದ ಹುಲಿಗಳು ಕಾಗದದ ಮೇಲೆ ಹುಟ್ಟುತ್ತಿದ್ದವು.

ಕಾಡು ಮರಳಿ ಚಿಗುರಿದ್ದರಲ್ಲಿ ಅಲ್ಲಿನ ಜನರ ಪಾಲು ದೊಡ್ಡದು. ಮಾವೊಜಿಗೆಂದ್ರಿ ಎಂಬ ಬೋಡೊ ಯುವಕರ ಸಂಘದಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೇ ಬಂದೂಕು ಒಪ್ಪಿಸಿ ಕಾವಲಿಗೆ ನಿಂತರು. ಕಾಡಿನ ಕಳ್ಳದಾರಿಗಳನ್ನು ಅವರಷ್ಟು ಬಲ್ಲವರು ಇನ್ನಾರಿದ್ದಾರೆ?

ನಮ್ಮ ನಾಡಿನಲ್ಲಿಯೂ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಇಳಿಯುವ ಆನೆಗಳು ವಯನಾಡಿನ ಕಾಡನ್ನೂ ನಾಗರಹೊಳೆ, ಬಂಡೀಪುರಗಳನ್ನೂ ಒಂದೇ ಮನೆಯಂತೆ ಬಳಸುತ್ತವೆ. ಆದರೆ ಇಲ್ಲಿ ರಾಜ್ಯಗಳು ಎರಡಾದರೂ ವನ್ಯಜೀವಿ ಕಾಯಿದೆ ಒಂದೇ. ಮಾನಸಿನಲ್ಲಿ ಕಾಯಿದೆಯೂ ಬೇರೆ, ಸರ್ಕಾರವೂ ಬೇರೆ. ನಂಬಿಕೆಯೊಂದೇ ಎರಡನ್ನೂ ಹಿಡಿದಿಟ್ಟಿದೆ.

ಆ ನಂಬಿಕೆಗೆ ಇನ್ನು ಮುಂದಿನ ಪರೀಕ್ಷೆ ನೀರಿನದು. ಮಾನಸಿನ ಎತ್ತರದ ಹುಲ್ಲುಗಾವಲು ಬದುಕಿರುವುದು ನದಿ ಪ್ರತಿ ಮಳೆಗಾಲ ತಂದು ಹರಡುವ ಮರಳು ಮತ್ತು ಮೆಕ್ಕಲಿನಿಂದ. ಸುಮಾರು ಹತ್ತು ಕಿಲೋ ಮಾತ್ರ ತೂಗುವ ಕುಬ್ಜ ಹಂದಿ ಗೂಡು ಕಟ್ಟಿ ಮರಿ ಸಾಕುವುದು ಆ ಹುಲ್ಲಿನೊಳಗೆ. ಮಾನಸಿನ ಉಪನದಿಗಳಿಗೆ ಭೂತಾನದಲ್ಲಿ ವಿದ್ಯುತ್ ಯೋಜನೆಗಳು ಬಂದಿವೆ. 2019ರಲ್ಲಿ ಉದ್ಘಾಟನೆಯಾದ ಮಾಂಗ್ದೆಛು ಯೋಜನೆ 720 ಮೆಗಾವಾಟ್ ಸಾಮರ್ಥ್ಯದ್ದು. ಅದಕ್ಕೆ ಹಣ ಒದಗಿಸಿದ್ದು ಭಾರತ, ಅಲ್ಲಿನ ವಿದ್ಯುತ್ತನ್ನು ಕೊಳ್ಳುವುದೂ ಭಾರತ. ಆದ್ದರಿಂದ ಹೊಣೆ ಭೂತಾನದ್ದು ಮಾತ್ರವೆಂದು ನಾವು ಹೇಳುವಂತಿಲ್ಲ. 2004ರ ಜುಲೈಯಲ್ಲಿ ಮಾನಸಿನ ಇನ್ನೊಂದು ಉಪನದಿಯಾದ ಕುರಿಛುವಿನ ಕಣಿವೆಯ ಮೇಲ್ಭಾಗದಲ್ಲಿ ಭೂಕುಸಿತದಿಂದ ಕಟ್ಟಿಕೊಂಡಿದ್ದ ಕೆರೆಯೊಂದು ಒಡೆದಾಗ, ಆ ನೀರು ಅಸ್ಸಾಮಿನ ಬಯಲಿನ ಊರುಗಳಿಗೂ ನುಗ್ಗಿತ್ತು. ಮೇಲೆ ಎಷ್ಟು ನೀರು ಹಿಡಿದಿಡುತ್ತಾರೆ, ಯಾವಾಗ ಬಿಡುತ್ತಾರೆ ಎಂಬ ಮಾಹಿತಿ ಹುಲಿಯ ಚಿತ್ರಗಳಷ್ಟೇ ಸಲೀಸಾಗಿ ನದಿ ದಾಟಿ ಬರಬೇಕು. ಅದೂ ನೀರು ಮಾಥನ್‌ಗುರಿಯನ್ನು ಮುಟ್ಟುವ ಮೊದಲೇ ಬರಬೇಕು.