‘ಮೂನ್‌ಲೈಟ್’ನ ಆ ಊಟದ ಸೀನ್‌ಗೆ 90 ವರ್ಷ ಹಿಡಿಯಿತು

[ಪರದೆ: ರಾತ್ರಿ. ಮಿಯಾಮಿಯ ಒಂದು ಸಣ್ಣ ಹೋಟೆಲಿನ ಅಡುಗೆಮನೆ.]

ಈ ಕೈಗಳನ್ನು ನೋಡಿ. ಬಟ್ಟಲಲ್ಲಿ ಒತ್ತಿ ತುಂಬಿದ ಅನ್ನವನ್ನು ತಟ್ಟೆಗೆ ಬೋರಲು ಹಾಕಿ, ಬಟ್ಟಲನ್ನು ಮೆಲ್ಲಗೆ ಎತ್ತುತ್ತಿವೆ. ಪಕ್ಕಕ್ಕೆ ಕಪ್ಪು ಬೀನ್ಸ್ ಕಾಳು. ಮೇಲೆ ಕೊತ್ತಂಬರಿ ಸೊಪ್ಪು. ಅಡುಗೆ ಮಾಡುತ್ತಿರುವವನು ಕೆವಿನ್. ಹೊರಗೆ ಟೇಬಲ್ ಹತ್ತಿರ ಕಾಯುತ್ತಿರುವವನು ಶೈರೋನ್. ಹೈಸ್ಕೂಲಿನ ದಿನಗಳ ನಂತರ ಇವರಿಬ್ಬರ ಮೊದಲ ಭೇಟಿ ಇದು. ಅಟ್ಲಾಂಟಾದಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದಾನೆ ಶೈರೋನ್. ಯಾಕೆ ಬಂದೆ ಅಂದರೆ ಅವನ ಹತ್ತಿರ ಉತ್ತರ ಇಲ್ಲ.

ಪ್ರೀತಿ ಅಂತ ಬಾಯಿಬಿಟ್ಟು ಹೇಳಲು ಬಾರದವರು ನಮ್ಮ ಮನೆಗಳಲ್ಲೂ ‘ಊಟ ಆಯ್ತಾ’ ಅಂತಲೇ ಕೇಳುವುದು, ಅಲ್ವಾ? ಇಲ್ಲೂ ಅಷ್ಟೇ. ತಟ್ಟೆ ಬಂದಾಗ ಶೈರೋನ್ ಏನು ಮಾಡುತ್ತಾನೆ ಗಮನಿಸಿ. ಹಲ್ಲಿಗೆ ಹಾಕಿಕೊಂಡಿರುವ ಚಿನ್ನದ ಕವಚವನ್ನು ಬಿಚ್ಚಿ ಪಕ್ಕಕ್ಕಿಡುತ್ತಾನೆ. ಬೀದಿಯಲ್ಲಿ ಬದುಕಲು ತೊಟ್ಟಿದ್ದ ವೇಷ ಅದು. ಕೆವಿನ್ ಮುಂದೆ ಅದನ್ನು ಹಾಕಿಕೊಂಡು ಉಣ್ಣಲು ಆಗುವುದಿಲ್ಲ. ನಾನು ಈ ಸೀನ್ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹಸಿವಾಗುತ್ತದೆ, ಅದು ಬೇರೆ ಮಾತು.

‘ಮೂನ್‌ಲೈಟ್’ ಬಂದದ್ದು 2016ರಲ್ಲಿ. ಮರುವರ್ಷ ಆಸ್ಕರ್ ವೇದಿಕೆಯಲ್ಲಿ ತಪ್ಪು ಲಕೋಟೆ ಕೈಗೆ ಸಿಕ್ಕಿ, ಬೇರೆ ಸಿನಿಮಾದ ಹೆಸರು ಓದಿ, ಆಮೇಲೆ ತಿದ್ದಿಕೊಂಡರಲ್ಲ, ಅದೇ ಸಿನಿಮಾ. ಆ ಗಲಾಟೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಕುತೂಹಲ ಇರುವುದು ಬೇರೆ ಕಡೆ. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಕಪ್ಪು ಗಂಡಸರು ಎದುರುಬದುರು ಕೂತು ಸುಮ್ನೆ ಊಟ ಮಾಡುವ ಇಂಥ ಒಂದು ಸೀನ್ ಇಷ್ಟು ತಡವಾಗಿ ಬಂದದ್ದು ಯಾಕೆ?

ಜೇಮ್ಸ್ ಬಾಲ್ಡ್‌ವಿನ್ ಹತ್ತಿರ ಹೋಗೋಣ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ಲೇಖಕ, ಗೇ. 1956ರಲ್ಲಿ ಅವರ ‘ಜೊವಾನ್ನಿಸ್ ರೂಮ್’ ಬಂತು. ಪ್ಯಾರಿಸ್‌ನಲ್ಲಿ ಇಬ್ಬರು ಗಂಡಸರ ಪ್ರೇಮದ ಕಾದಂಬರಿ. ಅವರ ಮೊದಲ ಕಾದಂಬರಿ ಹಾಕಿದ್ದ ಪ್ರಕಾಶಕರೇ ಇದನ್ನು ಬೇಡ ಅಂದಿದ್ದರು. ಆದರೆ ಪುಸ್ತಕ ತೆರೆದರೆ ಆಶ್ಚರ್ಯ: ಆ ಇಬ್ಬರೂ ಬಿಳಿಯರು! ಕಪ್ಪು ಬಣ್ಣದ ಸಂಕಟ, ಗೇ ಆಗಿರುವ ಸಂಕಟ, ಎರಡೂ ಭಾರವನ್ನು ಒಂದೇ ಪುಸ್ತಕದಲ್ಲಿ ಹೊರಲು ಆಗ ನನ್ನಿಂದ ಆಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಬಾಲ್ಡ್‌ವಿನ್ ಆಮೇಲೆ ಹೇಳಿಕೊಂಡರು. ನನಗೆ ಇದು ಹೇಡಿತನ ಅನ್ನಿಸುವುದಿಲ್ಲ. ಆ ಕಾಲದಲ್ಲಿ ಒಂದು ಭಾರವೇ ಜಾಸ್ತಿ ಆಗಿತ್ತು.

ಎರಡನ್ನೂ ಒಟ್ಟಿಗೆ ಹೊರಲು ಅವರಿಗೆ ಇನ್ನೂ ವರ್ಷಗಳು ಬೇಕಾದವು. 1962ರ ‘ಅನದರ್ ಕಂಟ್ರಿ’ಯಲ್ಲಿ ಸ್ವಲ್ಪ ಹತ್ತಿರ ಬಂದರು. 1979ರ ‘ಜಸ್ಟ್ ಅಬವ್ ಮೈ ಹೆಡ್’ನಲ್ಲಿ ಪೂರ್ತಿ ಬರೆದರು. ಅದರ ಆರ್ಥರ್ ಚರ್ಚಿನ ಹಾಡುಗಾರ. ಅವನು ಪ್ರೀತಿಸುವವರಲ್ಲಿ ಕಪ್ಪು ಹುಡುಗರೂ ಇದ್ದಾರೆ. ಅವನ ಕಥೆ ಹೇಳುವವನು ಅಣ್ಣ ಹಾಲ್. ತಮ್ಮ ತೀರಿಕೊಂಡ ಮೇಲೆ ಕೂತು, ತಡೆತಡೆದು ಹೇಳುತ್ತಾನೆ.

[ಪರದೆ: ಖಾಲಿ ಹಾಳೆ. ಒಂದೊಂದಾಗಿ ಮೂರು ಚುಕ್ಕಿ ಮೂಡುತ್ತವೆ.]

ಹಾಗಾದರೆ ಅದಕ್ಕೂ ಮೊದಲು ಯಾರೂ ಬರೆದಿರಲಿಲ್ಲವಾ? ಬರೆದಿದ್ದರು. 1926, ಅದೇ ಹಾರ್ಲೆಮ್. 20 ವರ್ಷದ ರಿಚರ್ಡ್ ಬ್ರೂಸ್ ನ್ಯೂಜೆಂಟ್ ‘ಸ್ಮೋಕ್, ಲಿಲೀಸ್ ಆಂಡ್ ಜೇಡ್’ ಅಂತ ಒಂದು ಕಥೆ ಬರೆದ. ವಾಕ್ಯ ಮುಗಿಸುವ ಗೋಜೇ ಇಲ್ಲ. ಎಲ್ಲೆಲ್ಲೂ ಚುಕ್ಕಿ, ಚುಕ್ಕಿ, ಚುಕ್ಕಿ. ಹಾಸಿಗೆಯಲ್ಲಿ ಬಿದ್ದುಕೊಂಡು ಸಿಗರೇಟಿನ ಹೊಗೆ ನೋಡುತ್ತಾ ಯೋಚಿಸುವವನ ತಲೆ ಹೇಗೆ ಓಡುತ್ತದೋ ಹಾಗೆ. ಕಥೆಯ ನಾಯಕ ಅಲೆಕ್ಸ್ ಒಬ್ಬ ಗಂಡಸನ್ನೂ ಪ್ರೀತಿಸುತ್ತಾನೆ, ಒಬ್ಬ ಹೆಂಗಸನ್ನೂ. ನನಗೆ ಏನಾಗಿದೆ ಅಂತ ಗಾಬರಿ ಬೀಳುವುದೂ ಇಲ್ಲ. ಆದರೆ ಮನೆಯವರಿಗೆ ಮುಜುಗರ ಆಗಬಾರದು ಅಂತ ಕಥೆಯ ಕೆಳಗೆ ಪೂರ್ತಿ ಹೆಸರು ಹಾಕಲಿಲ್ಲ, ‘ರಿಚರ್ಡ್ ಬ್ರೂಸ್’ ಅಂತಷ್ಟೇ. ಕಥೆ ಬಂದ ಪತ್ರಿಕೆಯ ಹೆಸರು ‘ಫೈರ್!!’. ಬಂದದ್ದು ಒಂದೇ ಸಂಚಿಕೆ. ಮಾರಾಟವಾಗದೆ ಉಳಿದ ಪ್ರತಿಗಳು ಬೆಂಕಿಗೆ ಸಿಕ್ಕಿ ಸುಟ್ಟುಹೋದವು. ಬೆಂಕಿ ಅಂತ ಹೆಸರಿಟ್ಟ ಪತ್ರಿಕೆಗೆ!

1989ಕ್ಕೆ ಬರೋಣ. ಮಾರ್ಲನ್ ರಿಗ್ಸ್ ತೆಗೆದ ‘ಟಂಗ್ಸ್ ಅನ್‌ಟೈಡ್’. ಕಪ್ಪು ಗೇ ಗಂಡಸರ ಬದುಕಿನ ಮೇಲೆ ಕವಿತೆ, ಸಾಕ್ಷ್ಯಚಿತ್ರ, ಆತ್ಮಕಥೆ, ಎಲ್ಲ ಕಲಸಿದ ಸಿನಿಮಾ. ಇದರಲ್ಲಿ ಚಿಟಿಕೆ ಹೊಡೆಯುವುದಕ್ಕೇ ಒಂದು ಪಾಠ ಇದೆ. ಯಾವ ಚಿಟಿಕೆಗೆ ಯಾವ ಅರ್ಥ ಅಂತ. ನಕ್ಕೂ ನಕ್ಕೂ ಸಾಕಾಗುತ್ತದೆ. ಪಕ್ಕದಲ್ಲೇ ಏಡ್ಸ್‌ಗೆ ಬಲಿಯಾದವರ ಫೋಟೋಗಳೂ ಬರುತ್ತವೆ. 1991ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಇದನ್ನು ತೋರಿಸಲು ಹೊರಟಾಗ ಎಷ್ಟೋ ಊರಿನ ಸ್ಟೇಷನ್‌ಗಳು ಆಗಲ್ಲ ಅಂದವು. ಮರುವರ್ಷ ಚುನಾವಣೆಯ ಜಾಹೀರಾತಿಗೂ ಇದರ ತುಣುಕನ್ನು ಎಳೆದು ತಂದರು, ಸರ್ಕಾರದ ದುಡ್ಡು ಎಂಥದ್ದಕ್ಕೆ ಹೋಗುತ್ತಿದೆ ನೋಡಿ ಅಂತ. ರಿಗ್ಸ್ 1994ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡರು. ವಯಸ್ಸು 37.

ಅದೇ ಹೊತ್ತಿಗೆ ಅಟ್ಲಾಂಟಾದಲ್ಲಿ, ಹೌದು, ಶೈರೋನ್ ಕಾರು ಹತ್ತಿದ ಅದೇ ಊರಲ್ಲಿ, ಇ. ಲಿನ್ ಹ್ಯಾರಿಸ್ ಎಂಬ ಮಾಜಿ ಕಂಪ್ಯೂಟರ್ ಸೇಲ್ಸ್‌ಮನ್ 1991ರಲ್ಲಿ, ಗಂಡಸರನ್ನೂ ಪ್ರೀತಿಸುವ ಕಪ್ಪು ಯುವಕನ ಕಥೆಯಿರುವ ತನ್ನ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸಿ, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರುತ್ತಿದ್ದರು. ಕಪ್ಪು ಹೆಂಗಸರ ಬ್ಯೂಟಿ ಪಾರ್ಲರ್‌ಗಳಿಗೂ ಹೋಗಿ ಕೊಡುತ್ತಿದ್ದರು. ತಲೆಕೂದಲು ಒಣಗುವ ತನಕ ಓದಲು ಏನಾದರೂ ಬೇಕಲ್ಲ!

[ಪರದೆ: ‘ಮೂನ್‌ಲೈಟ್’ನಲ್ಲಿ ಪುಟ್ಟ ಶೈರೋನ್‌ಗೆ ಆಸರೆಯಾಗುವ ಹುವಾನ್ ಸಮುದ್ರದಲ್ಲಿ ಅವನಿಗೆ ಈಜು ಕಲಿಸುವ ದೃಶ್ಯ.]

ಈಗ ಮತ್ತೆ ‘ಮೂನ್‌ಲೈಟ್’. ಮೂಲ ಕಥೆ ಟಾರೆಲ್ ಆಲ್ವಿನ್ ಮೆಕ್ರೇನಿಯದು, ನಿರ್ದೇಶನ ಬ್ಯಾರಿ ಜೆಂಕಿನ್ಸ್. ಇಬ್ಬರೂ ಮಿಯಾಮಿಯ ಲಿಬರ್ಟಿ ಸಿಟಿಯಲ್ಲೇ ಬೆಳೆದವರು. ಇಬ್ಬರ ತಾಯಂದಿರೂ ಕ್ರ್ಯಾಕ್ ಎಂಬ ಮಾದಕವಸ್ತುವಿನ ಚಟಕ್ಕೆ ಸಿಕ್ಕಿದವರು. ಆದರೂ ಚಿಕ್ಕವರಿದ್ದಾಗ ಒಬ್ಬರಿಗೊಬ್ಬರು ಪರಿಚಯ ಇರಲಿಲ್ಲ. ಮೆಕ್ರೇನಿ ಗೇ, ಜೆಂಕಿನ್ಸ್ ಅಲ್ಲ. ಒಬ್ಬರ ಬದುಕಿನ ಅರ್ಧ ಇನ್ನೊಬ್ಬರಿಗೂ ಗೊತ್ತಿತ್ತು. ಉಳಿದರ್ಧವನ್ನು ಕೇಳಿ ತಿಳಿಯಬೇಕಿತ್ತು.

ಒಂದು ಚಿಕ್ಕ ವಿಷಯ ಹೇಳಿಬಿಡುತ್ತೇನೆ. ಸಿನಿಮಾ ಶೂಟಿಂಗ್ ಅಂದರೆ ಮುಖ ಹೊಳೆಯಬಾರದು ಅಂತ ಪೌಡರ್ ಬಳಿಯುವುದು ವಾಡಿಕೆ. ಜೆಂಕಿನ್ಸ್ ಪೌಡರ್ ಬೇಡ, ಎಣ್ಣೆ ಹಚ್ಚಿ ಅಂದರು. ಮಿಯಾಮಿಯ ಬೆವರಲ್ಲಿ ಕಪ್ಪು ಚರ್ಮ ಹೇಗೆ ಹೊಳೆಯುತ್ತದೋ ಹಾಗೇ ಕಾಣಬೇಕಿತ್ತು ಅವರಿಗೆ. ಕೊಡಾಕ್ ಫಿಲ್ಮಿನ ಬಣ್ಣವನ್ನು ಎಷ್ಟೋ ವರ್ಷ ಬಿಳಿ ಹೆಂಗಸಿನ ಫೋಟೋ ಇಟ್ಟುಕೊಂಡೇ ಹದ ಮಾಡುತ್ತಿದ್ದರು. ಹಾಗಾಗಿ ಈ ಎಣ್ಣೆ ಬರೀ ಮೇಕಪ್ ಅಲ್ಲ.

ಹೋಟೆಲ್ ಮುಚ್ಚಿ ಇಬ್ಬರೂ ಕೆವಿನ್ ಮನೆಗೆ ಹೋಗುತ್ತಾರೆ. ಅಲ್ಲಿ ಶೈರೋನ್, ನನ್ನನ್ನು ಮುಟ್ಟಿದ ಗಂಡಸು ನೀನೊಬ್ಬನೇ, ಆಮೇಲೆ ಯಾರೂ ಇಲ್ಲ ಅನ್ನುತ್ತಾನೆ. ಮುಂದೆ ಮುತ್ತು ಬರುತ್ತದೆ ಅಂತ ಕಾಯುತ್ತೀರಿ. ಬರುವುದಿಲ್ಲ. ದೈತ್ಯನಂಥ ಆ ಆಳು ಕೆವಿನ್ ಭುಜಕ್ಕೆ ತಲೆ ಇಟ್ಟಿದ್ದಾನೆ. ಕೆವಿನ್ ಅವನ ತಲೆ ನೇವರಿಸುತ್ತಿದ್ದಾನೆ.

[ಪರದೆ: ಆ ಕೈ. ಹಿಂದೆ ಸಮುದ್ರದ ಸದ್ದು.]