ಉಕ್ಕಿನ ಹದ ಇರುವುದು ಬಿಸಿ ಆರಿಸುವುದರಲ್ಲಿ

ಕೇಳುಗರಿಗೆ ನಮಸ್ಕಾರ. ತೋಟದಲ್ಲೋ ವರ್ಕ್‌ಶಾಪಿನಲ್ಲೋ ರೇಡಿಯೊ ಹಾಕಿಕೊಂಡು ಕೆಲಸ ಮಾಡುತ್ತಿದ್ದೀರಿ, ಅಲ್ವಾ? ಒಂದೇ ಮಾತು ಹೇಳುತ್ತೇನೆ. ಉಕ್ಕನ್ನು ಕಾಯಿಸುವುದು ಅರ್ಧ ಕೆಲಸ. ಎಷ್ಟು ಬೇಗ ಆರಿಸುತ್ತೀರಿ ಅನ್ನುವುದೇ ಮುಖ್ಯ.

ಉಕ್ಕು ಅಂದರೆ ಕಬ್ಬಿಣದ ಜೊತೆ ಚೂರು ಇಂಗಾಲ. 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ, ಇಂಗಾಲ ಅದರೊಳಗೆ ಕರಗುತ್ತದೆ. ಇನ್ನು ಸಿದ್ಧಗಂಗೆ ಜಾತ್ರೆ ನೆನೆಸಿಕೊಳ್ಳಿ. ಜನ ನಿಧಾನವಾಗಿ ಹೊರಟರೆ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ದಿಢೀರನೆ ಗೇಟು ಹಾಕಿದರೆ ಒಳಗೇ ಒತ್ತರಿಸಿಕೊಂಡು ನಿಲ್ಲುತ್ತಾರೆ. ಇಂಗಾಲವೂ ಹಾಗೇ. ನಿಧಾನ ಆರಿಸಿದರೆ ಬೇರೆಯಾಗಿ, ಪದರ ಪದರವಾಗಿ ಕೂರುತ್ತದೆ. ಅದು ಪರ್ಲೈಟ್. ನೀರಿಗೆ ಅದ್ದಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಮಾರ್ಟೆನ್ಸೈಟ್. ಬಲು ಗಟ್ಟಿ, ಆದರೆ ಗಾಜಿನಷ್ಟೇ ಪೆಡಸು.

ತಿಪಟೂರು ಕಡೆಯ ತೆಂಗಿನ ಬೆಳೆಗಾರರೊಬ್ಬರು ಒಂದು ಮಚ್ಚು ತಂದಿದ್ದರು. ಎರಡು ತುಂಡು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ್ದು. "ಕಬ್ಬಿಣವೇ ಸರಿಯಿಲ್ಲ ಸಾರ್, ಮೊದಲ ಕಾಯಿಗೇ ಮುರೀತು" ಅಂದರು. ಮುರಿದ ಜಾಗ ನೋಡಿದೆ. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ, ಪಾಪ. ಮಾಡಿಕೊಟ್ಟವರು ಕೆಂಪಗೆ ಕಾಯಿಸಿ ಸೀದಾ ತಣ್ಣೀರಿಗೆ ಅದ್ದಿ ಕೊಟ್ಟುಬಿಟ್ಟಿದ್ದರು. ಅದೇ ಪಟ್ಟಿಯ ಉಳಿದ ತುಂಡು ಹಿಡಿದು ಇಬ್ಬರೂ ಇನ್ನೊಂದು ಕುಲುಮೆಗೆ ಹೋದೆವು. ಅಲ್ಲಿನ ಅಜ್ಜ ಬಹಳ ಗಟ್ಟಿಗ. ಹೊಸ ಮಚ್ಚು ಬಡಿದು, ಅದು ಕೆಂಪಾದ ಮೇಲೆ ಆಯಸ್ಕಾಂತ ಮುಟ್ಟಿಸಿ ನೋಡಿದರು. ಅಂಟಲಿಲ್ಲ, ಅಂದರೆ ಬೇಕಾದ ಕಾವು ಹತ್ತಿರ ಬಂತು. ಇನ್ನೊಂಚೂರು ಕಾಯಿಸಿ ಎಣ್ಣೆಗೆ ಅದ್ದಿದರು. ನೀರಿಗಲ್ಲ, ಎಣ್ಣೆಗೆ! ಸ್ಪ್ರಿಂಗ್ ಉಕ್ಕಿಗೆ ನೀರು ಆರಿಸುವ ವೇಗ ಜಾಸ್ತಿಯಾಯ್ತು, ಬಿರುಕು ಬಿಡಬಹುದು. ಆಮೇಲೆ ಅಂಚನ್ನು ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಕೊಟ್ಟರು. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ. ನೇರಳೆ ಅಂದರೆ ಸುಮಾರು 280 ಡಿಗ್ರಿ. ಅಲ್ಲಿಗೆ ನಿಲ್ಲಿಸಿದರು. ಸಿಕ್ಕಿಬಿದ್ದ ಇಂಗಾಲ ಒಂದಿಷ್ಟು ಹೊರಬಂದು, ಪೆಡಸುತನ ಇಳಿಯುತ್ತದೆ. ಇದೇ ಟೆಂಪರಿಂಗ್. ಆ ಮಚ್ಚು ಇವತ್ತಿಗೂ ಕಾಯಿ ಕೆತ್ತುತ್ತಿದೆ. ಅದೇ ಪಟ್ಟಿ, ಅದೇ ಬೆಂಕಿ, ಬದಲಾಗಿದ್ದು ಆರಿಸಿದ ರೀತಿ, ಆಮೇಲೆ ಕೊಟ್ಟ ಮೆಲ್ಲನೆಯ ಬಿಸಿ.

ಅನೀಲಿಂಗ್ ಬಗ್ಗೆಯೂ ಹೇಳಬೇಕಿತ್ತು, ಸಮಯ ಸಾಲದು. ಉಕ್ಕು ಮೆತ್ತಗಾಗಬೇಕಾ? ಕಾಯಿಸಿ, ಬೂದಿಯಲ್ಲಿ ಹೂತಿಟ್ಟು ರಾತ್ರಿಯಿಡೀ ಬಿಡಿ, ಅಷ್ಟೇ. ಗಾಳಿಯಲ್ಲಿ ಆರಿಸಿದರೆ ನಾರ್ಮಲೈಸಿಂಗ್, ಅದಕ್ಕಿಂತ ಸ್ವಲ್ಪ ಗಟ್ಟಿ.

ಗ್ರೈಂಡರ್ ಇಟ್ಟುಕೊಂಡವರಿಗೆ ಒಂದು ಮಾತು. ಸುಮ್ನೆ ಒತ್ತಿ ಹಿಡಿಯಬೇಡಿ ಸ್ವಾಮಿ. ಅಂಚು ನೀಲಿ ದಾಟಿ ಬೂದು ಬಣ್ಣಕ್ಕೆ ತಿರುಗಿತೋ, ಆ ಜಾಗ ಮೆತ್ತಗಾಯ್ತು ಅಂತಲೇ ಲೆಕ್ಕ. ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಬಿಸಿಯಾಗುವ ಮೊದಲೇ ಅದ್ದುತ್ತಾ ಹೋಗಿ. ನಮಸ್ಕಾರ.