ಕಾಲುವೆ ನಗರದ ಕೆಂಪು ಕಿಟಕಿಗಳು: ಜೋಡಿಯಾಗಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವವರಿಗೆ

(ದೃಶ್ಯ: ಔಡೆ ಕೆರ್ಕ್ ಚರ್ಚಿನ ಗೋಪುರ, ಹಗಲು)

ನಮಸ್ಕಾರ. ಈ ಚರ್ಚಿನ ಹೆಸರು ಔಡೆ ಕೆರ್ಕ್. 1306ರಲ್ಲಿ ಪ್ರತಿಷ್ಠೆಯಾದದ್ದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈಗ ಉಳಿದಿರುವ ಕಟ್ಟಡಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಚಿತ್ರಕಾರ ರೆಂಬ್ರಾಂಟ್‌ನ ಹೆಂಡತಿ ಸಾಸ್ಕಿಯಾಳ ಸಮಾಧಿ ಇದರ ಒಳಗಿದೆ. ಈಗ ಚರ್ಚಿಗೆ ಬೆನ್ನು ಮಾಡಿ ನಿಂತು ಎದುರಿನ ಮನೆಗಳನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಕೆಳಗಿನ ಅಂತಸ್ತಿನಲ್ಲಿ ಆಳೆತ್ತರದ ಗಾಜಿನ ಬಾಗಿಲುಗಳು, ಅವುಗಳ ಮೇಲೆ ಕೆಂಪು ದೀಪ. ಇದೇ ಡಿ ವಾಲೆನ್, ಪ್ರಪಂಚಕ್ಕೆಲ್ಲ ಗೊತ್ತಿರುವ ರೆಡ್ ಲೈಟ್ ಬೀದಿ. ಲೈಂಗಿಕ ವೃತ್ತಿಯ ಹೆಂಗಸರು ಗಿರಾಕಿಗಳಿಗಾಗಿ ಕಾಯುವುದು ಈ ಗಾಜಿನ ಹಿಂದೆ. ಇವನ್ನೇ ‘ಕಿಟಕಿ’ ಎನ್ನುವುದು.

ಚರ್ಚು, ಕಾಲುವೆ, ಕೆಂಪು ಕಿಟಕಿ, ಮೂರೂ ಒಂದೇ ಜಾಗದಲ್ಲಿ. ಇದು ಹೇಗಾಯಿತು? ಗಂಡ ಹೆಂಡತಿ ಜೊತೆಯಾಗಿ ಇಲ್ಲಿ ಸುತ್ತಾಡಬಹುದಾ? ಇವತ್ತಿನ ವಿಡಿಯೋ ಇದರ ಬಗ್ಗೆ. ಎರಡನೆಯ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಧಾರಾಳವಾಗಿ ಹೋಗಬಹುದು. ನಾನೂ ನನ್ನ ಗಂಡನೂ ಹೋಗಿದ್ದೆವು. ಕೈ ಕೈ ಹಿಡಿದು ನಡೆಯುವ ಜೋಡಿಗಳು, ವಯಸ್ಸಾದ ದಂಪತಿಗಳು ಅಲ್ಲಿ ಬೇಕಾದಷ್ಟು ಜನ ಕಾಣುತ್ತಾರೆ. ಆದರೆ ಏನನ್ನು ನೋಡುತ್ತಿದ್ದೇವೆ ಎಂದು ತಿಳಿದು ಹೋಗಬೇಕು. ಅದಕ್ಕೆ ಮೊದಲು ನೀರಿನ ಕಥೆ ಗೊತ್ತಿರಬೇಕು.

(ದೃಶ್ಯ: ನಗರದ ನಕ್ಷೆ, ಅರ್ಧ ಚಂದ್ರಾಕಾರದ ಕಾಲುವೆಗಳು)

ಇಡೀ ಊರು ನಿಂತಿರುವುದು ಕೆಸರು ನೆಲದ ಮೇಲೆ. ಆಮ್‌ಸ್ಟೆಲ್ ನದಿಗೆ ಒಂದು ಅಣೆಕಟ್ಟು ಹಾಕಿ, ಅದರ ಸುತ್ತ ಬೆಳೆದ ಊರಿದು. ಮನೆ ಕಟ್ಟಬೇಕಾದರೆ ಮೊದಲು ಮರದ ಕಂಬಗಳನ್ನು ಕೆಸರು ದಾಟಿ ಕೆಳಗಿನ ಗಟ್ಟಿ ಮರಳಿನವರೆಗೆ ಹೊಡೆಯಬೇಕಿತ್ತು. ಡಾಮ್ ಚೌಕದಲ್ಲಿರುವ ಅರಮನೆ ಮೊದಲು ಪುರಭವನವಾಗಿತ್ತು. ಅದರ ಅಡಿಯಲ್ಲಿ 13,659 ಕಂಬಗಳಿವೆ. ಕಂಬ ಸದಾ ನೀರಿನೊಳಗೇ ಇದ್ದರೆ ಕೊಳೆಯುವುದಿಲ್ಲ. ನೀರು ಇಳಿದು ಗಾಳಿ ತಾಗಿದರೆ ಮಾತ್ರ ತೊಂದರೆ. ಅಂದರೆ ಇಲ್ಲಿ ನೀರು ಊರಿಗೆ ಶತ್ರುವೂ ಹೌದು, ಕಾವಲೂ ಹೌದು.

1613ರಲ್ಲಿ ಊರನ್ನು ದೊಡ್ಡದು ಮಾಡಲು ಹೊರಟರು. ಹೇರೆನ್‌ಗ್ರಾಹ್ಟ್, ಕೈಜರ್ಸ್‌ಗ್ರಾಹ್ಟ್, ಪ್ರಿನ್ಸೆನ್‌ಗ್ರಾಹ್ಟ್ ಎಂಬ ಮೂರು ದೊಡ್ಡ ಕಾಲುವೆಗಳನ್ನು ಒಂದರ ಹೊರಗೆ ಒಂದರಂತೆ ತೋಡಿದರು. ಸರಕು ತುಂಬಿದ ದೋಣಿ ವ್ಯಾಪಾರಿಯ ಮನೆ ಬಾಗಿಲಿಗೇ ಬರುತ್ತಿತ್ತು. ಮನೆಗಳ ನೆತ್ತಿಯಲ್ಲಿ ಹೊರಗೆ ಚಾಚಿದ ತೊಲೆ, ಅದರ ತುದಿಯಲ್ಲಿ ಕೊಕ್ಕೆ ಕಾಣುತ್ತಿದೆ ಅಲ್ವಾ? ಮೆಟ್ಟಿಲು ತುಂಬಾ ಇಕ್ಕಟ್ಟು. ಹಾಗಾಗಿ ಮೂಟೆಗಳನ್ನು ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲಕ್ಕೆ ಎಳೆಯುತ್ತಿದ್ದರು. ಮನೆ ಬದಲಾಯಿಸುವಾಗ ಸೋಫಾ, ಮಂಚ ಇಂದಿಗೂ ಕಿಟಕಿಯಿಂದಲೇ ಒಳಗೆ ಹೋಗುತ್ತವೆ. ಈ ಕಾಲುವೆಗಳ ವಲಯ 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಡಿ ವಾಲೆನ್ ಇದಕ್ಕಿಂತಲೂ ಹಳೆಯ ಭಾಗ. ಬಂದರಿನ ಪಕ್ಕದಲ್ಲೇ ಇತ್ತು. ಈಗಿನ ಸೆಂಟ್ರಲ್ ಸ್ಟೇಷನ್ 1889ರಲ್ಲಿ ತೆರೆಯಿತು. ಅದಕ್ಕೂ ಮೊದಲು ಅಲ್ಲಿ ಕಾಣುತ್ತಿದ್ದದ್ದು ನೀರು ಮತ್ತು ಹಡಗುಗಳ ಸಾಲು. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರು ಇಳಿದು ನಡೆದು ಬರುತ್ತಿದ್ದದ್ದು ಇದೇ ಓಣಿಗಳಿಗೆ. ಹೆಂಡದಂಗಡಿ, ವಸತಿ, ವೇಶ್ಯಾವೃತ್ತಿ ಎಲ್ಲ ಇಲ್ಲೇ ಬೆಳೆಯಿತು. ನೀರು ವ್ಯಾಪಾರ ತಂದಿತು, ವ್ಯಾಪಾರ ನಾವಿಕರನ್ನು ತಂದಿತು, ನಾವಿಕರ ಜೊತೆ ಈ ಬೀದಿ ಬಂತು. ಕಾಲುವೆಯ ಚೆಂದದ ಊರು ಬೇರೆ, ಕೆಂಪು ದೀಪದ ಊರು ಬೇರೆ ಎಂದುಕೊಂಡರೆ ಆಮ್‌ಸ್ಟರ್‌ಡ್ಯಾಮ್ ಅರ್ಥವಾಗುವುದಿಲ್ಲ.

ಇಲ್ಲಿ ನಮ್ಮ ಕರಾವಳಿಯ ನಂಟೂ ಒಂದಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿಯ ಕಟ್ಟಡ ಈ ಓಣಿಗಳ ಪಕ್ಕದಲ್ಲೇ, ಔಡೆ ಹೋಹ್‌ಸ್ಟ್ರಾಟ್‌ನಲ್ಲಿದೆ. ಆ ಕಂಪನಿಗೆ 17ನೇ ಶತಮಾನದಲ್ಲಿ ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ ಇತ್ತು. ಆ ಕಟ್ಟಡದ ಅಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಬಸ್ರೂರು.

(ದೃಶ್ಯ: ಕಾಲುವೆ ಬದಿಯ ಮನೆ, ಅಟ್ಟದ ಮೇಲಿನ ಪ್ರಾರ್ಥನಾ ಮಂದಿರ)

ಈಗ ನನಗೆ ತುಂಬಾ ಇಷ್ಟವಾದ ಜಾಗ. ಕೆಂಪು ಕಿಟಕಿಗಳಿಂದ ಕೆಲವೇ ಹೆಜ್ಜೆ ದೂರದಲ್ಲಿ, ಹೊರಗಿನಿಂದ ಮಾಮೂಲಿ ಮನೆಯಂತೆ ಕಾಣುವ ಮನೆ. ಒಳಗೆ ಮೆಟ್ಟಿಲು ಹತ್ತಿ ಹೋದರೆ ಅಟ್ಟದ ಮೇಲೆ ಒಂದು ಇಡೀ ಚರ್ಚಿದೆ! 1578ರಲ್ಲಿ ಊರಿನ ಆಡಳಿತ ಪ್ರೊಟೆಸ್ಟಂಟರ ಕೈಗೆ ಹೋಯಿತು. ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವಂತಿರಲಿಲ್ಲ. ಆಗ ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ 1660ರ ದಶಕದ ಆರಂಭದಲ್ಲಿ ಮೂರು ಮನೆಗಳ ಅಟ್ಟಗಳನ್ನು ಸೇರಿಸಿ ಚರ್ಚು ಮಾಡಿದ. ಅಧಿಕಾರಿಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬೀದಿಗೆ ಕಾಣದಿದ್ದರೆ ಸಾಕು ಎಂದು ಬಿಟ್ಟರು. 1888ರಿಂದ ಅದು ಮ್ಯೂಸಿಯಂ.

ಕಾನೂನಿನಲ್ಲಿ ತಪ್ಪು, ಆದರೂ ಕಂಡೂ ಕಾಣದ ಹಾಗೆ ಇರುವುದು. ಈ ಊರಿನ ರೂಢಿಯೇ ಹಾಗೆ. ಗಾಂಜಾ ಮಾರುವ ‘ಕಾಫಿಶಾಪ್’ಗಳೂ ಹೀಗೇ ನಡೆಯುತ್ತಿವೆ. ಗಾಂಜಾ ಅಲ್ಲಿ ಪೂರ್ತಿ ಕಾನೂನುಬದ್ಧ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 1976ರ ತಿದ್ದುಪಡಿಯಲ್ಲಿ ಗಾಂಜಾವನ್ನು ಹೆರಾಯಿನ್‌ನಂಥ ಅಪಾಯದ ಮಾದಕಗಳಿಂದ ಬೇರೆ ಮಾಡಿದರು. 18 ದಾಟಿದವರಿಗೆ 5 ಗ್ರಾಂವರೆಗೆ ಮಾರಿದರೆ ಕೇಸು ಹಾಕುವುದಿಲ್ಲ, ಅಷ್ಟೇ. ಅಂಗಡಿಗೆ ಅದನ್ನು ಬೆಳೆದು ತಂದುಕೊಡುವುದು ಅಪರಾಧವಾಗಿಯೇ ಉಳಿಯಿತು. ಮುಂಬಾಗಿಲಲ್ಲಿ ಮಾರಾಟಕ್ಕೆ ಬಿಡುತ್ತಾರೆ, ಹಿಂಬಾಗಿಲಿನಿಂದ ಬರುವ ಮಾಲು ಅಕ್ರಮ.

ವೇಶ್ಯಾವೃತ್ತಿಯ ವಿಷಯದಲ್ಲಿ ಮಾತ್ರ ಅವರು ಆ ರೂಢಿ ದಾಟಿ ಒಂದು ಹೆಜ್ಜೆ ಮುಂದೆ ಹೋದರು. 1911ರ ಕಾನೂನು ವೇಶ್ಯಾಗೃಹ ನಡೆಸುವುದನ್ನು ನಿಷೇಧಿಸಿತ್ತು. ಆದರೂ ಕಿಟಕಿಗಳು ನಡೆಯುತ್ತಲೇ ಇದ್ದವು. 2000ದ ಅಕ್ಟೋಬರ್ 1ರಂದು ಆ ನಿಷೇಧ ತೆಗೆದರು. ಈಗ ಮಾಲೀಕರಿಗೆ ಲೈಸೆನ್ಸ್ ಬೇಕು. ಕೆಲಸ ಮಾಡುವವರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕನಿಷ್ಠ 21 ವರ್ಷ ಆಗಿರಬೇಕು. ಕಿಟಕಿಯ ಹಿಂದಿರುವ ಹೆಂಗಸು ಆ ಕೋಣೆಯನ್ನು ಪಾಳಿಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿರುತ್ತಾಳೆ. ಸ್ವಂತ ಉದ್ಯೋಗಿ ಎಂದು ನೋಂದಾಯಿಸಿಕೊಂಡು ತೆರಿಗೆ ಕಟ್ಟುತ್ತಾಳೆ. ದರ ಎಷ್ಟು, ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂಬುದನ್ನು ಬಾಗಿಲಲ್ಲೇ ಹೇಳುತ್ತಾಳೆ. ಬೇಡ ಎನಿಸಿದವರನ್ನು ವಾಪಸು ಕಳಿಸುತ್ತಾಳೆ. ಕೋಣೆಯಲ್ಲಿ ಅಲಾರಂ ಗುಂಡಿ ಇರುತ್ತದೆ.

ಹಾಗಂತ ಎಲ್ಲವೂ ಸರಿಯಾಗಿದೆ ಎಂದಲ್ಲ. ಬಲವಂತದಿಂದ, ಮೋಸದಿಂದ ಇಲ್ಲಿಗೆ ತಂದ ಹೆಣ್ಣುಮಕ್ಕಳ ಪ್ರಕರಣಗಳು ಕೋರ್ಟಿಗೆ ಹೋಗಿವೆ. ಮಾನವ ಸಾಗಣೆ, ಕಪ್ಪು ಹಣ ಇವುಗಳ ಕಾರಣ ಕೊಟ್ಟೇ ನಗರಸಭೆ 2007ರಿಂದ ಎಷ್ಟೋ ಕಿಟಕಿಗಳನ್ನು ಮುಚ್ಚಿಸಿತು. ಈ ಎರಡೂ ಮಾತು ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸರಿಯಲ್ಲ.

(ದೃಶ್ಯ: ಚರ್ಚಿನ ಮುಂದಿನ ಕಂಚಿನ ಪ್ರತಿಮೆ)

ಚರ್ಚಿನ ಮುಂದೆ ಈ ಪ್ರತಿಮೆ ನಿಂತದ್ದು 2007ರಲ್ಲಿ. ಹೆಸರು ಬೆಲ್ಲೆ. ಬಾಗಿಲಲ್ಲಿ ತಲೆಯೆತ್ತಿ ನಿಂತ ಹೆಂಗಸು. ಪ್ರಪಂಚದ ಎಲ್ಲೆಡೆಯ ಲೈಂಗಿಕ ಕಾರ್ಯಕರ್ತೆಯರನ್ನು ಗೌರವಿಸಿ ಎಂದು ಕೆಳಗೆ ಬರೆದಿದೆ. ಇದರ ಹಿಂದಿದ್ದವರು ಮಾರಿಸ್ಕಾ ಮಾಯೋರ್. ಸ್ವತಃ ಹಿಂದೆ ಕಿಟಕಿಯಲ್ಲಿ ಕೆಲಸ ಮಾಡಿದವರು. 1994ರಲ್ಲಿ ಇಲ್ಲೇ ಒಂದು ಮಾಹಿತಿ ಕೇಂದ್ರವನ್ನೂ ಶುರು ಮಾಡಿದರು, ಜನ ಕದ್ದು ನೋಡುವ ಬದಲು ನೇರವಾಗಿ ಬಂದು ಕೇಳಲಿ ಎಂದು.

ಈಗ ನಿಮ್ಮ ಸಂಜೆಯ ವಿಷಯ. ಮೊದಲು ದೋಣಿ. ಸೂರ್ಯ ಮುಳುಗುವ ಹೊತ್ತಿಗೆ ಹತ್ತಿ. ಬೇಸಿಗೆಯಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಟಿಕೆಟ್ ತೆಗೆಯುವಾಗ ಇದು ನೆನಪಿರಲಿ. ಸೇತುವೆಗಳ ಕಮಾನಿಗೆ ಬಲ್ಬುಗಳ ಸಾಲು ಕಟ್ಟಿದ್ದಾರೆ. ರೆಗ್ಯುಲಿಯರ್ಸ್‌ಗ್ರಾಹ್ಟ್ ಕಾಲುವೆ ಹೇರೆನ್‌ಗ್ರಾಹ್ಟ್‌ಗೆ ಸೇರುವ ಕಡೆ ದೋಣಿ ನಿಧಾನ ಮಾಡುತ್ತಾರೆ. ಅಲ್ಲಿಂದ ಒಂದರ ಹಿಂದೆ ಒಂದು, ಏಳು ಸೇತುವೆಗಳ ಕಮಾನು ಕಾಣುತ್ತವೆ. ನಮ್ಮ ಪ್ರವಾಸದಲ್ಲಿ ಇದಕ್ಕಿಂತ ಚೆಂದದ್ದು ಬೇರೆ ಇರಲಿಲ್ಲ.

ಆಮೇಲೆ ಡಿ ವಾಲೆನ್‌ಗೆ ನಡೆದುಹೋಗಿ. ಕಿಟಕಿಯಲ್ಲಿರುವವರ ಫೋಟೋ, ವಿಡಿಯೋ ಬೇಡವೇ ಬೇಡ. ಫೋನನ್ನು ಬ್ಯಾಗಿನೊಳಗೆ ಇಡಿ. ಅವರಲ್ಲಿ ಎಷ್ಟೋ ಜನರ ಮನೆಯವರಿಗೆ ಈ ಕೆಲಸ ಗೊತ್ತಿರುವುದಿಲ್ಲ. ಒಂದು ಫೋಟೋ ಒಬ್ಬರ ಬದುಕನ್ನೇ ಕೆಡಿಸಬಹುದು. ನಾವೂ ಅಲ್ಲಿ ಚಿತ್ರೀಕರಿಸಲಿಲ್ಲ. ಅದಕ್ಕೇ ಈ ವಿಡಿಯೋದಲ್ಲಿ ಕಿಟಕಿಗಳಿಲ್ಲ. ಬಾಗಿಲ ಮುಂದೆ ಸುಮ್ನೆ ನಿಂತು ದಿಟ್ಟಿಸುವುದು, ಬೆರಳು ತೋರಿಸಿ ನಗುವುದು ಕೂಡ ತಪ್ಪು. ನೋಡಿ, ನಡೆಯುತ್ತಾ ಇರಿ. ಗೈಡ್ ಜೊತೆ ಗುಂಪಾಗಿ ಕಿಟಕಿಗಳ ಮುಂದೆ ಹೋಗುವುದನ್ನು 2020ರಲ್ಲೇ ನಿಷೇಧಿಸಿದ್ದಾರೆ.

ವಯಸ್ಕರ ಶೋಗಳ ಥಿಯೇಟರ್‌ಗಳೂ ಇದೇ ಕಾಲುವೆಯ ಬದಿಯಲ್ಲಿವೆ. ಒಳಗೆ ನಡೆಯುವುದು ನಿಜವಾದ ಲೈಂಗಿಕ ಪ್ರದರ್ಶನ. ಹೋಗಬೇಕೋ ಬೇಡವೋ ಎಂಬುದನ್ನು ಹೋಟೆಲಿನಲ್ಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ. ಒಬ್ಬರಿಗೆ ಮುಜುಗರವಾದರೆ ಇನ್ನೊಬ್ಬರು ಒತ್ತಾಯ ಮಾಡಬೇಡಿ. ನಾವು ಶೋ ಬಿಟ್ಟು, ಈ ವೃತ್ತಿಯ ಬಗ್ಗೆಯೇ ಇರುವ ಮ್ಯೂಸಿಯಂಗೆ ಹೋದೆವು. ಕಿಟಕಿಯ ಒಳಗಿನ ಕೋಣೆ ಹೇಗಿರುತ್ತದೆ, ಒಳಗೆ ಕೂತು ಬೀದಿ ನೋಡಿದರೆ ಹೇಗನ್ನಿಸುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಈ ಭಾಗದ ಬೀದಿಗಳಲ್ಲಿ ಗಾಂಜಾ ಸೇದುವುದಕ್ಕೆ 2023ರ ಮೇ ತಿಂಗಳಿಂದ ನಿಷೇಧವಿದೆ. ಸಿಕ್ಕಿಬಿದ್ದರೆ 100 ಯೂರೋ ದಂಡ. ಬೀದಿಯಲ್ಲಿ ಮದ್ಯ ಕುಡಿಯುವಂತೆಯೂ ಇಲ್ಲ. ಗಾಂಜಾ ಹಾಕಿದ ಕೇಕ್ ತಿಂದ ತಕ್ಷಣ ಏನೂ ಆಗುವುದಿಲ್ಲ, ಪರಿಣಾಮ ಶುರುವಾಗಲು ಒಂದೆರಡು ಗಂಟೆ ಬೇಕು. ಏನೂ ಆಗಲಿಲ್ಲ ಎಂದು ಇನ್ನೊಂದು ತುಂಡು ತಿಂದವರೇ ಜಾಸ್ತಿ ಒದ್ದಾಡುವುದು. ಬೀದಿಯಲ್ಲಿ ಪಿಸುಗುಟ್ಟುತ್ತಾ ಮಾದಕ ಪುಡಿ ಮಾರಲು ಬರುವವರಿಗೆ ಬೇಡ ಎಂದು ಹೇಳಿ ಮುಂದೆ ಹೋಗಿ. ಊರಿಗೆ ಬರುವಾಗ ಬ್ಯಾಗಿನಲ್ಲಿ ಗಾಂಜಾದ ಒಂದು ಚೂರೂ ಇರಬಾರದು. ಭಾರತದ ಕಾನೂನಿನಲ್ಲಿ ಅದಕ್ಕೆ ಜೈಲು ಶಿಕ್ಷೆಯಿದೆ.

ಕೊನೆಯದಾಗಿ, ಈ ಬೀದಿ ಹೀಗೇ ಇರುತ್ತದೆಯೇ? ಹೊರಗಿನ ಕುಡುಕರ ಗುಂಪುಗಳಿಂದ ಅಲ್ಲಿ ವಾಸಿಸುವವರಿಗೆ ರಾತ್ರಿ ನಿದ್ದೆಯಿಲ್ಲ. 2023ರಿಂದ ಕಿಟಕಿಗಳು ಬೆಳಗಿನ ಜಾವ ಮೂರಕ್ಕೇ ಮುಚ್ಚಬೇಕು. ಒಂದಷ್ಟು ಕಿಟಕಿಗಳನ್ನು ಊರಿನ ದಕ್ಷಿಣದ ಯುರೋಪಾಬೂಲೆವಾರ್ಡ್‌ನಲ್ಲಿ ಒಂದೇ ದೊಡ್ಡ ಕಟ್ಟಡಕ್ಕೆ ಸಾಗಿಸಬೇಕು ಎಂದು ಮೇಯರ್ ಫೆಮ್ಕೆ ಹಾಲ್ಸೆಮಾ ಆ ವರ್ಷದ ಕೊನೆಗೆ ಹೇಳಿದರು. ಅಲ್ಲಿನ ನಿವಾಸಿಗಳು ಬೇಡವೆಂದರು. ಹತ್ತಿರದಲ್ಲೇ ಕಚೇರಿ ಇರುವ, ಯುರೋಪಿನ ಔಷಧಗಳನ್ನು ಪರಿಶೀಲಿಸುವ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯೂ ವಿರೋಧಿಸಿತು. ಕಿಟಕಿಯಲ್ಲಿ ಕೆಲಸ ಮಾಡುವವರು ಮೆರವಣಿಗೆಯನ್ನೇ ಮಾಡಿದರು. ಗಲಾಟೆ ಮಾಡುವವರು ಪ್ರವಾಸಿಗಳು, ಶಿಕ್ಷೆ ನಮಗೇಕೆ ಎಂಬುದು ಅವರ ಪ್ರಶ್ನೆ. ಜನ ಓಡಾಡುವ ಬೀದಿಯಲ್ಲೇ ನಮಗೆ ಹೆಚ್ಚು ರಕ್ಷಣೆ ಎನ್ನುತ್ತಾರೆ. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ನಿಮಗೇನನ್ನಿಸುತ್ತದೆ? ಕಾಮೆಂಟ್‌ನಲ್ಲಿ ಬರೆಯಿರಿ. ನೆದರ್ಲೆಂಡ್ಸ್‌ನಲ್ಲಿ ಇರುವ ಕನ್ನಡದವರು ನೋಡುತ್ತಿದ್ದರೆ, ಅಲ್ಲಿಯವರು ಈ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂದು ದಯವಿಟ್ಟು ತಿಳಿಸಿ.